ಆಲ್ಫಾ ಸೈನ್ಯೂಕ್ಲಿಯಿನ್: ಸಡಿಲ ಸರಪಳಿಯ ಆಕಾರ ಬದಲಾಗುವುದನ್ನು ಬೆಳಕಿನಲ್ಲಿ ನೋಡುವುದು

ಪ್ರೋಟೀನ್ ಅಂದರೆ ಅಚ್ಚುಕಟ್ಟಾಗಿ ಮಡಚಿಕೊಂಡಿರುತ್ತದೆ ಅಂತಲೇ ಓದಿರುತ್ತೇವೆ, ಅಲ್ವಾ? ಆಲ್ಫಾ ಸೈನ್ಯೂಕ್ಲಿಯಿನ್ ಹಾಗಲ್ಲ. 140 ಅಮೈನೋ ಆಮ್ಲಗಳ ಈ ಸರಪಳಿ ನೀರಿನಲ್ಲಿ ಒಂದು ಕಡೆ ನಿಲ್ಲದೆ ಅಲುಗಾಡುತ್ತಲೇ ಇರುತ್ತದೆ. ಪಾರ್ಕಿನ್ಸನ್ ಕಾಯಿಲೆ ಇರುವವರ ಮಿದುಳಿನಲ್ಲಿ ಇದೇ ಪ್ರೋಟೀನ್ ನಾರುನಾರಾಗಿ ಗಂಟು ಕಟ್ಟಿರುತ್ತದೆ. ನಡುವೆ ಆದ ಬದಲಾವಣೆ ಹಿಡಿಯುವುದು ಹೇಗೆ? ಅಲುಗಾಡುವ ಸರಪಳಿಯನ್ನು ಹರಳುಗಟ್ಟಿಸಿ ಎಕ್ಸ್-ರೇ ಹಾಯಿಸಲು ಆಗುವುದಿಲ್ಲ.

ಮೊದಲ ದಾರಿ ಸರ್ಕ್ಯುಲರ್ ಡೈಕ್ರೋಯಿಸಂ, ಅಂದರೆ ಸಿಡಿ. ಎಡಕ್ಕೆ ಸುತ್ತುವ ಬೆಳಕನ್ನೂ ಬಲಕ್ಕೆ ಸುತ್ತುವ ಬೆಳಕನ್ನೂ ಪ್ರೋಟೀನ್ ಒಂದೇ ಅಳತೆಯಲ್ಲಿ ಹೀರುವುದಿಲ್ಲ. ಆ ವ್ಯತ್ಯಾಸ ಪೆಪ್ಟೈಡ್ ಬಂಧಗಳು (ಅಮೈನೋ ಆಮ್ಲಗಳನ್ನು ಒಂದಕ್ಕೊಂದು ಜೋಡಿಸುವ ಕೊಂಡಿಗಳು) ಹೇಗೆ ಜೋಡಣೆಯಾಗಿವೆ ಅನ್ನುವುದರ ಮೇಲೆ ನಿಂತಿದೆ.

ಬೆಳಕಿನ ತರಂಗಾಂತರ ಬದಲಿಸುತ್ತಾ ಆ ವ್ಯತ್ಯಾಸವನ್ನು ಗ್ರಾಫ್ ಮಾಡಿದರೆ, ಸಡಿಲ ಸರಪಳಿಯ ಗ್ರಾಫ್ ಸುಮಾರು 198 ನ್ಯಾನೋಮೀಟರ್ ಹತ್ತಿರ ಆಳಕ್ಕೆ ಇಳಿಯುತ್ತದೆ. 222ರಲ್ಲಿ ಹೆಚ್ಚೇನೂ ಇರುವುದಿಲ್ಲ. ಈಗ ಋಣ ಆವೇಶದ ಕೊಬ್ಬಿನ ಪುಟ್ಟ ಗುಳ್ಳೆಗಳನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ. 198ರ ತಗ್ಗು ಮೇಲಕ್ಕೆ ಬರುತ್ತದೆ, 208 ಮತ್ತು 222ರಲ್ಲಿ ಎರಡು ತಗ್ಗು ಮೂಡುತ್ತವೆ. ಇದು ಹೀಲಿಕ್ಸ್‌ನ, ಅಂದರೆ ಸುರುಳಿ ಆಕಾರದ ಗುರುತು. ಸರಪಳಿಯ ಮೊದಲ ಸುಮಾರು 100 ಅಮೈನೋ ಆಮ್ಲಗಳು ಸುರುಳಿಯಾಗುತ್ತವೆ, ಬಾಲ ಸಡಿಲವಾಗಿಯೇ ಉಳಿಯುತ್ತದೆ. ಪ್ರತಿ ಸಲ ಗುಳ್ಳೆ ಸೇರಿಸಿದಾಗ ಬರುವ ಗ್ರಾಫ್ ಗೆರೆಗಳೆಲ್ಲವೂ ಸುಮಾರು 203ರಲ್ಲಿ ಒಂದೇ ಚುಕ್ಕೆಯಲ್ಲಿ ಹಾದುಹೋಗುವುದನ್ನು ನೋಡಿ. ಸರಪಳಿ ಮುಖ್ಯವಾಗಿ ಎರಡೇ ಸ್ಥಿತಿಗಳ ನಡುವೆ ಓಡಾಡುತ್ತಿದೆ ಅನ್ನುವುದಕ್ಕೆ ಅದು ಸುಳಿವು. ನನಗೆ ಈ ಪ್ರಯೋಗದಲ್ಲಿ ತುಂಬಾ ಇಷ್ಟವಾದದ್ದು ಆ ಚುಕ್ಕೆಯೇ. ನಾರಾದರೆ ಗ್ರಾಫ್ ಬೇರೆ: 218ರ ಸುತ್ತ ಒಂದೇ ತಗ್ಗು, ಬೀಟಾ ಹಾಳೆಯದು (ಸರಪಳಿಯ ಎಳೆಗಳು ಪಕ್ಕಪಕ್ಕ ಜೋಡಿಕೊಂಡ ಆಕಾರ).

ಒಂದು ಎಚ್ಚರಿಕೆ. ಬಫರ್‌ಗೆ (ಪ್ರೋಟೀನ್ ಕರಗಿಸಿಟ್ಟ ದ್ರಾವಣಕ್ಕೆ) ಸುಮ್ನೆ ಅಡುಗೆ ಉಪ್ಪು ಹಾಕಬೇಡಿ. ಕ್ಲೋರೈಡ್ 200ಕ್ಕಿಂತ ಕೆಳಗಿನ ಬೆಳಕನ್ನು ಜಾಸ್ತಿ ಹೀರುತ್ತದೆ, ನಮಗೆ ಬೇಕಾದ 198 ಅಲ್ಲೇ ಇದೆ. ತೆಳು ಫಾಸ್ಫೇಟ್ ಬಫರ್ ಸಾಕು. ಉಪ್ಪು ಬೇಕೇ ಬೇಕಾದರೆ ಸೋಡಿಯಂ ಫ್ಲೋರೈಡ್ ಬಳಸಿ.

ಆದರೆ ಸಿಡಿ ಕೊಡುವುದು ಸರಾಸರಿ ಮಾತ್ರ. ಹೀಲಿಕ್ಸ್‌ನ ಸಂಕೇತ ಅರ್ಧ ಬಂತು ಅನ್ನಿ. ಪ್ರತಿ ಅಣುವೂ ಅರ್ಧ ಸುರುಳಿಯೋ, ಅರ್ಧದಷ್ಟು ಅಣುಗಳು ಪೂರ್ತಿ ಸುರುಳಿಯೋ? ಅದನ್ನು ಬಿಡಿಸಲು ಒಂಟಿ ಅಣುವಿನ ಫ್ರೆಟ್ ಬೇಕು, ಅಂದರೆ ಎರಡು ಬಣ್ಣಗಳ ನಡುವೆ ದಾಟುವ ಶಕ್ತಿಯಿಂದ ದೂರ ಅಳೆಯುವ ವಿಧಾನ. ಸರಪಳಿಯ ಎರಡು ಕಡೆ ಎರಡು ಹೊಳೆಯುವ ಬಣ್ಣಗಳನ್ನು ಅಂಟಿಸುತ್ತಾರೆ. ಈ ಪ್ರೋಟೀನ್‌ನಲ್ಲಿ ಸಿಸ್ಟೀನ್ (ಬಣ್ಣ ಸುಲಭವಾಗಿ ಅಂಟುವ ಅಮೈನೋ ಆಮ್ಲ) ಇಲ್ಲವೇ ಇಲ್ಲ, ಹಾಗಾಗಿ ಬೇಕಾದ ಜಾಗದಲ್ಲಿ ಸಿಸ್ಟೀನ್ ಇಟ್ಟು ಅಲ್ಲೇ ಬಣ್ಣ ಕೂರಿಸಬಹುದು. ಒಂದು ಬಣ್ಣದ ಶಕ್ತಿ ಇನ್ನೊಂದಕ್ಕೆ ದಾಟುವುದು ದೂರದ ಆರನೇ ಘಾತವನ್ನು ಅವಲಂಬಿಸಿದೆ. ಅರ್ಧ ಶಕ್ತಿ ದಾಟುವ ದೂರವನ್ನು ಎರಡರಷ್ಟು ಮಾಡಿದರೆ ದಾಟುವುದು 65ರಲ್ಲಿ 1 ಪಾಲು ಮಾತ್ರ. ಒಂದೊಂದೇ ಅಣುವನ್ನು ಅಳೆದು ಲೆಕ್ಕ ಜೋಡಿಸಿದಾಗ ನಡುವೆ ಒಂದೇ ಗುಡ್ಡ ಬಂದರೆ ಮೊದಲ ಉತ್ತರದ ಕಡೆಗೆ ವಾಲುತ್ತದೆ, ಎರಡು ಗುಡ್ಡ ಬೇರೆಬೇರೆಯಾಗಿ ನಿಂತರೆ ಎರಡನೆಯದರ ಕಡೆಗೆ.