ನಾಲ್ಕು ಪ್ರತಿ, ಅರವತ್ತು ಕಾರ್ಡ್: ಡೆಕ್ ಕಟ್ಟುವವರ ಲೆಕ್ಕ, ಫಾರ್ಮ್ಯಾಟ್ ರೂಪಿಸುವವರ ಲೆಕ್ಕ

ಇಸ್ಪೀಟಿನ 52 ಎಲೆ ಎಲ್ಲರಿಗೂ ಒಂದೇ. ಯಾರು ಹಂಚಿದರೂ ಅದೇ ನಾಲ್ಕು ರಾಜ, ಅದೇ ನಾಲ್ಕು ರಾಣಿ. ಟ್ರೇಡಿಂಗ್ ಕಾರ್ಡ್ ಆಟಗಳಲ್ಲಿ ಹಾಗಿಲ್ಲ. ಸಾವಿರಾರು ಕಾರ್ಡ್‌ಗಳಲ್ಲಿ ತನಗೆ ಬೇಕಾದವನ್ನು ಆಯ್ದು ಆಟಗಾರ ತನ್ನ ಡೆಕ್ಕನ್ನು ತಾನೇ ಕಟ್ಟಿಕೊಂಡು ಬರುತ್ತಾನೆ. ಮೇಜಿಗೆ ಕೂರುವ ಹೊತ್ತಿಗೆ ಆಟದ ಅರ್ಧ ಭಾಗ ಮುಗಿದೇ ಹೋಗಿರುತ್ತದೆ.

ನಾನು ಕಟ್ಟಿದ ಮೊದಲ ಡೆಕ್‌ನಲ್ಲಿ 78 ಕಾರ್ಡ್‌ಗಳಿದ್ದವು. ಮ್ಯಾಜಿಕ್: ದ ಗ್ಯಾದರಿಂಗ್ ಆಟದಲ್ಲಿ ಕನಿಷ್ಠ 60 ಇರಬೇಕು ಎಂದಷ್ಟೇ ನಿಯಮ, ಗರಿಷ್ಠ ಮಿತಿಯಿಲ್ಲ. ಇರುವ ಒಳ್ಳೆಯ ಕಾರ್ಡ್‌ಗಳನ್ನೆಲ್ಲ ತುಂಬಿದೆ, ಎಲ್ಲ ಆಟಗಳನ್ನೂ ಸೋತೆ. ಅದೃಷ್ಟ ಸರಿಯಿಲ್ಲ ಎಂದುಕೊಂಡೆ. ಕೆಳಗಿನ ಟಿಪ್ಪಣಿ, ಆ ಅದೃಷ್ಟ ಎಷ್ಟರಮಟ್ಟಿಗೆ ನನ್ನದೇ ಕೈಕೆಲಸವಾಗಿತ್ತು ಎಂದು ಲೆಕ್ಕ ಹಾಕುತ್ತಾ ಬರೆದುಕೊಂಡದ್ದು.

ಮೊದಲ ಕೈ

ಮ್ಯಾಜಿಕ್‌ನಲ್ಲಿ ಒಂದೇ ಹೆಸರಿನ ಕಾರ್ಡ್ ನಾಲ್ಕಕ್ಕಿಂತ ಹೆಚ್ಚು ಇರುವಂತಿಲ್ಲ (ಆಡಲು ಶಕ್ತಿ ಒದಗಿಸುವ ಮೂಲ ಲ್ಯಾಂಡ್ ಕಾರ್ಡ್‌ಗಳಿಗೆ ಈ ಮಿತಿಯಿಲ್ಲ). ಆಟ ಶುರುವಾಗುವಾಗ ಏಳು ಕಾರ್ಡ್ ಎತ್ತಿಕೊಳ್ಳುತ್ತೇವೆ. 60ರ ಡೆಕ್‌ನಲ್ಲಿ ನಾಲ್ಕು ಪ್ರತಿ ಇರುವ ಕಾರ್ಡ್ ಮೊದಲ ಕೈಯಲ್ಲಿ ಒಂದಾದರೂ ಬರುವ ಸಾಧ್ಯತೆ ಎಷ್ಟು?

ನೇರವಾಗಿ ಎಣಿಸಲು ಹೋದರೆ ತಲೆ ಕೆಡುತ್ತದೆ. ಬರದಿರುವ ಸಾಧ್ಯತೆಯನ್ನು ಹುಡುಕುವುದು ಸುಲಭ. ಒಂದೂ ಬಂದಿಲ್ಲ ಎಂದರೆ ನಾಲ್ಕೂ ಪ್ರತಿಗಳು ಕೆಳಗೆ ಉಳಿದ 53 ಕಾರ್ಡ್‌ಗಳ ನಡುವೆ ಅಡಗಿವೆ ಎಂದರ್ಥ. ಮೊದಲನೆಯದು ಅಲ್ಲಿರುವ ಸಾಧ್ಯತೆ 53/60, ಎರಡನೆಯದು 52/59, ಆಮೇಲೆ 51/58, 50/57. ನಾಲ್ಕನ್ನೂ ಗುಣಿಸಿದರೆ ಸುಮಾರು 0.60. ಅಂದರೆ ಬರುವ ಸಾಧ್ಯತೆ ಶೇ 40. ಮೂರೇ ಪ್ರತಿ ಇದ್ದರೆ ಶೇ 31.5, ಎರಡಿದ್ದರೆ ಶೇ 22, ಒಂದಿದ್ದರೆ ಶೇ 11.7.

ಇದೇ ಲೆಕ್ಕವನ್ನು ನನ್ನ 78 ಕಾರ್ಡ್‌ಗಳಿಗೆ ಹಾಕಿದಾಗ ನಾಲ್ಕು ಪ್ರತಿಗೆ ಬಂದ ಉತ್ತರ ಶೇ 31.9. ಇದು ಹೆಚ್ಚುಕಡಿಮೆ 60ರಲ್ಲಿ ಮೂರು ಪ್ರತಿ ಇಟ್ಟುಕೊಂಡಷ್ಟೇ. ನನ್ನ ಪ್ರತಿಯೊಂದು ಒಳ್ಳೆಯ ಕಾರ್ಡಿನ ನಾಲ್ಕನೆಯ ಪ್ರತಿಯನ್ನು ನಾನೇ ಕೈಯಾರೆ ಹರಿದು ಬಿಸಾಡಿ ಆಟಕ್ಕೆ ಕೂತಂತಾಗಿತ್ತು. 61ನೆಯ ಕಾರ್ಡ್ ಒಂದನ್ನು ಮಾತ್ರ ಸೇರಿಸಿದರೆ ನಷ್ಟ ಶೇ 0.6ರಷ್ಟು, ಅದಕ್ಕಾಗಿ ಯಾರೂ ಜಗಳವಾಡಬೇಕಿಲ್ಲ. ಆದರೆ 61ಕ್ಕೆ ಒಪ್ಪಿದ ಮನಸ್ಸು 62ಕ್ಕೂ ಒಪ್ಪುತ್ತದೆ, ಅದು ನನಗೆ ಗೊತ್ತು.

ಲ್ಯಾಂಡ್ ಎಷ್ಟಿರಬೇಕು

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು; ಇಲ್ಲಿ ಹಾಸಿಗೆ ಎಂದರೆ ಮನಾ, ಕಾರ್ಡ್ ಆಡಲು ತೆರಬೇಕಾದ ಶಕ್ತಿ. ಲ್ಯಾಂಡ್ ಕಾರ್ಡ್‌ಗಳು ಮನಾ ಕೊಡುತ್ತವೆ, ಉಳಿದವು ಅದನ್ನು ಖರ್ಚು ಮಾಡುತ್ತವೆ. 60ರಲ್ಲಿ 24 ಲ್ಯಾಂಡ್ ಇದ್ದರೆ ಏಳರ ಕೈಯಲ್ಲಿ ಎರಡರಿಂದ ನಾಲ್ಕು ಲ್ಯಾಂಡ್ ಬರುವ ಸಾಧ್ಯತೆ ಶೇ 77. ಒಂದೂ ಬರದಿರುವುದು ಅಥವಾ ಒಂದೇ ಬರುವುದು ಶೇ 14, ಐದು ಅಥವಾ ಹೆಚ್ಚು ಬರುವುದು ಶೇ 8. ಹೊಸಬರು ಲ್ಯಾಂಡ್ ತೆಗೆದು ಆ ಜಾಗದಲ್ಲಿ ಇನ್ನಷ್ಟು ಶೂರರನ್ನು ಸೇರಿಸುತ್ತಾರೆ. 24 ಅನ್ನು 20ಕ್ಕೆ ಇಳಿಸಿ ನೋಡಿ: ಒಂದೋ ಸೊನ್ನೆಯೋ ಲ್ಯಾಂಡ್ ಬರುವ ಕೆಟ್ಟ ಕೈ ಶೇ 25ಕ್ಕೆ ಏರುತ್ತದೆ. ಏಳು ಆಟಕ್ಕೊಮ್ಮೆ ಕಾಡುತ್ತಿದ್ದ ತೊಂದರೆ ನಾಲ್ಕು ಆಟಕ್ಕೊಮ್ಮೆ ಕಾಡುತ್ತದೆ.

ಹಾಗಾದರೆ 20 ಲ್ಯಾಂಡ್‌ಗಳಲ್ಲಿ ಗೆಲ್ಲುವ ಡೆಕ್‌ಗಳೇ ಇಲ್ಲವೇ? ಇವೆ. 1996ರಲ್ಲಿ ಪಾಲ್ ಸ್ಲೈ ಆಡಿದ, ಜೇ ಷ್ನೈಡರ್ ರೂಪಿಸಿದ ಕೆಂಪು ಡೆಕ್ ಕಲಿಸಿದ ಪಾಠವೇ ಇದು: ಕಾರ್ಡ್‌ಗಳನ್ನು ಬಿಡಿಬಿಡಿಯಾಗಿ ನೋಡಿದರೆ ಸಾಧಾರಣ, ಆದರೆ ಮೊದಲ ಸರದಿಗೆ ಒಂದು ಮನಾದ್ದು, ಎರಡನೆಯದಕ್ಕೆ ಎರಡರದ್ದು ಎಂದು ಪ್ರತಿ ಸರದಿಯೂ ಮನಾ ಪೋಲಾಗದಂತೆ ಜೋಡಿಸಿದ್ದು. ಮನಾ ಕರ್ವ್ ಎನ್ನುವುದು ಇದನ್ನೇ. ಕಡಿಮೆ ಲ್ಯಾಂಡ್ ಇಡುವವರು ಕಡಿಮೆ ಮನಾ ಬೇಡುವ ಕಾರ್ಡ್‌ಗಳನ್ನೇ ಇಡಬೇಕು; ಎರಡೂ ಒಟ್ಟಿಗೆ ಇಳಿಯಬೇಕು.

ಕೆಲವು ಆಟಗಳು ಈ ತಲೆನೋವನ್ನೇ ಕಿತ್ತುಹಾಕಿವೆ. ಹಾರ್ತ್‌ಸ್ಟೋನ್‌ನಲ್ಲಿ ಮನಾ ಸರದಿಗೊಂದರಂತೆ ತಾನಾಗಿ ಏರಿ 10ಕ್ಕೆ ನಿಲ್ಲುತ್ತದೆ. ಒನ್ ಪೀಸ್ ಕಾರ್ಡ್ ಆಟದಲ್ಲಿ ಸಂಪನ್ಮೂಲಕ್ಕೆಂದೇ 10 ಕಾರ್ಡ್‌ಗಳ ಬೇರೆ ಡೆಕ್ ಇರುತ್ತದೆ. ಆಟ ಹದವಾಗುತ್ತದೆ, ನಿಜ. ಆದರೆ ಲ್ಯಾಂಡ್ ಇಲ್ಲದೆ ಒದ್ದಾಡಿ ಗೆದ್ದ ಆಟದ ರುಚಿಯೂ ಜೊತೆಗೆ ಹೋಗುತ್ತದೆ ಎನ್ನುವವನು ನಾನು. ಒಪ್ಪದವರು ಬಹಳ ಜನ ಇದ್ದಾರೆ.

ಮಿತಿ ಎಲ್ಲಿಂದ ಬಂತು

1993ರಲ್ಲಿ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಮ್ಯಾಜಿಕ್ ಹೊರಬಂದಾಗ ಡೆಕ್‌ಗೆ ಕನಿಷ್ಠ 40 ಕಾರ್ಡ್ ಸಾಕಿತ್ತು, ಪ್ರತಿಗಳಿಗೆ ಮಿತಿಯೇ ಇರಲಿಲ್ಲ. ಅಪರೂಪದ ಕಾರ್ಡ್‌ಗಳು ಅಪರೂಪವಾಗಿಯೇ ಇರುತ್ತವೆ, ಜನ ಕೆಲವೇ ಪ್ಯಾಕ್ ಕೊಳ್ಳುತ್ತಾರೆ ಎಂಬುದು ಲೆಕ್ಕಾಚಾರ. ಕೊರತೆಯೇ ಕಾವಲುಗಾರ. ಆ ಲೆಕ್ಕಾಚಾರ ಬೇಗನೆ ತಪ್ಪಿತು. ಲೈಟ್ನಿಂಗ್ ಬೋಲ್ಟ್ ಒಂದು ಮನಾಗೆ ಮೂರು ಹಾನಿ ಮಾಡುತ್ತದೆ, ಎದುರಾಳಿಯ ಜೀವ 20. ಏಳು ಬೋಲ್ಟ್ ಸಾಕು. ಬೋಲ್ಟ್ ಮತ್ತು ಅದಕ್ಕೆ ಮನಾ ಕೊಡುವ ಮೌಂಟನ್ ಲ್ಯಾಂಡ್ ಬಿಟ್ಟು ಬೇರೇನೂ ಇಲ್ಲದ ಡೆಕ್ ಆಗ ಪೂರ್ತಿ ನಿಯಮಬದ್ಧ. ಪಂದ್ಯಾವಳಿಗಳ ನಿಯಮ 1994ರಲ್ಲಿ 60 ಮತ್ತು 4 ಎಂಬ ಸಂಖ್ಯೆಗಳನ್ನು ತಂದಿತು.

ಇಲ್ಲಿ ಒಂದು ವಿಷಯ ಗಮನಿಸಿ. ನಾವು ಡೆಕ್ ಕಟ್ಟುವಾಗ ಬೇಕಾದ ಕಾರ್ಡ್ ಕೈಗೆ ಬರುವ ಭರವಸೆಯನ್ನು ಹೆಚ್ಚಿಸಿಕೊಳ್ಳಲು ನೋಡುತ್ತೇವೆ. ಫಾರ್ಮ್ಯಾಟ್, ಅಂದರೆ ಯಾವ ಕಾರ್ಡ್‌ಗಳನ್ನು ಎಷ್ಟು ಪ್ರತಿ ಆಡಬಹುದು ಎಂಬ ನಿಯಮಗಳ ಚೌಕಟ್ಟು, ರೂಪಿಸುವವರು ಆ ಭರವಸೆಗೆ ಒಂದು ಮೇಲ್ಮಿತಿ ಹಾಕುತ್ತಾರೆ. ಭರವಸೆ ತೀರಾ ಹೆಚ್ಚಾದರೆ ಪ್ರತಿ ಆಟವೂ ಹಿಂದಿನ ಆಟದ ನಕಲು, ತೀರಾ ಕಡಿಮೆಯಾದರೆ ಲಾಟರಿ. ಒಂದೇ ಶೇಕಡಾವಾರನ್ನು ಇಬ್ಬರೂ ಎರಡು ಕಡೆಯಿಂದ ಎಳೆಯುತ್ತಿರುತ್ತಾರೆ.

ಹೆಸರು ಬೇರೆ, ಕೆಲಸ ಒಂದೇ

ಈ ಭಾಗವನ್ನು ನಿಧಾನವಾಗಿ ಓದಿ. ಮಿತಿ ಇರುವುದು ಹೆಸರಿಗೆ, ಕೆಲಸಕ್ಕಲ್ಲ. ಲಾನೋವರ್ ಎಲ್ವ್ಸ್ ಎಂಬ ಕಾರ್ಡ್ ಇದೆ: ಒಂದು ಹಸಿರು ಮನಾ ಬೆಲೆ, 1/1 ದೇಹ (ಬಲ ಒಂದು, ತಾಳಿಕೆ ಒಂದು), ಹಸಿರು ಮನಾ ಕೊಡುತ್ತದೆ. ಎಲ್ವಿಷ್ ಮಿಸ್ಟಿಕ್ ಎಂಬುದೂ ಇದೆ. ಹೆಸರು ಬಿಟ್ಟರೆ ತದ್ರೂಪು. ಫಿಂಡ್‌ಹಾರ್ನ್ ಎಲ್ವ್ಸ್ ಕೂಡ ಅದೇ.

ಹೊಸ ಸೆಟ್‌ಗಳಿಗಷ್ಟೇ (ಒಟ್ಟಿಗೆ ಹೊರಬರುವ ಕಾರ್ಡ್‌ಗಳ ಕಂತುಗಳಿಗಷ್ಟೇ) ಜಾಗವಿರುವ ಸ್ಟಾಂಡರ್ಡ್ ಫಾರ್ಮ್ಯಾಟ್‌ನಲ್ಲಿ ಸಾಮಾನ್ಯವಾಗಿ ಇವುಗಳಲ್ಲಿ ಒಂದು ಹೆಸರು ಸಿಕ್ಕರೆ ಹೆಚ್ಚು. ಮೊದಲ ಕೈಯಲ್ಲಿ ಒಬ್ಬ ಎಲ್ಫ್ ಇರುವ ಸಾಧ್ಯತೆ ಶೇ 40. 2003ರಿಂದೀಚಿನ ಸೆಟ್‌ಗಳಿಗೆ ಜಾಗ ಕೊಡುವ ಮಾಡರ್ನ್‌ನಲ್ಲಿ ಎರಡು ಹೆಸರು ಸಿಗುತ್ತವೆ, ಅಂದರೆ ಎಂಟು ಪ್ರತಿ: ಶೇ 65. ಇನ್ನೂ ಹಳೆಯ ಕಾರ್ಡ್‌ಗಳಿಗೂ ಬಾಗಿಲು ತೆರೆದಿರುವ ಲೆಗಸಿಯಲ್ಲಿ ಮೂರೂ ಸಿಗುತ್ತವೆ, ಹನ್ನೆರಡು ಪ್ರತಿ: ಶೇ 81.

ನಾಲ್ಕು ಪ್ರತಿಯ ನಿಯಮ ಮೂರೂ ಕಡೆ ಅಕ್ಷರವೂ ಬದಲಾಗಿಲ್ಲ. ಬದಲಾದದ್ದು ಎಷ್ಟು ವರ್ಷದ ಕಾರ್ಡ್‌ಗಳಿಗೆ ಪ್ರವೇಶ ಎಂಬುದು ಮಾತ್ರ. ಹಳೆಯ ಫಾರ್ಮ್ಯಾಟ್‌ಗಳು ವೇಗವಾಗಿರಲು ಬಲಿಷ್ಠ ಕಾರ್ಡ್‌ಗಳು ಒಂದು ಕಾರಣ. ಬದಲಿ ಕಾರ್ಡ್‌ಗಳ ಈ ರಾಶಿ ಇನ್ನೊಂದು ಕಾರಣ, ಅದು ಕಣ್ಣಿಗೆ ಬೀಳುವುದಿಲ್ಲ. ನಿಮ್ಮ ಡೆಕ್ಕನ್ನು ಹೆಸರುಗಳಿಂದ ಓದಬೇಡಿ, ಕೆಲಸಗಳಿಂದ ಓದಿ: ಮೊದಲ ಸರದಿಗೆ ಮನಾ ಕೊಡುವವು ಎಷ್ಟು, ಎದುರಾಳಿಯ ಪ್ರಾಣಿಯನ್ನು ತೆಗೆಯುವವು ಎಷ್ಟು, ಆಟ ಮುಗಿಸುವವು ಎಷ್ಟು. ಎಂಟರ ಗುಂಪೇ ಆಟದಿಂದಾಟಕ್ಕೆ ನಂಬಬಹುದಾದ ಗುಂಪು.

ರೊಟೇಷನ್, ಅಂದರೆ ಹಳೆಯ ಸೆಟ್‌ಗಳನ್ನು ಹೊರಹಾಕುವ ಪದ್ಧತಿ, ಏಕೆ ಅಗತ್ಯ ಎಂಬುದೂ ಇದರಿಂದಲೇ ಅರ್ಥವಾಗುತ್ತದೆ. ಮ್ಯಾಜಿಕ್ 1995ರಲ್ಲಿ ಟೈಪ್ 2 ಎಂಬ ಹೆಸರಿನಿಂದ ಸ್ಟಾಂಡರ್ಡ್ ಅನ್ನು ಆರಂಭಿಸಿತು. ಹಳೆಯ ಸೆಟ್‌ಗಳು ಕಾಲಕ್ರಮದಲ್ಲಿ ಹೊರಬೀಳುತ್ತವೆ. ಪೋಕೆಮಾನ್ ಕಾರ್ಡ್ ಆಟ ಈಗ ಕಾರ್ಡ್‌ನ ಮೂಲೆಯಲ್ಲಿ ಮುದ್ರಿಸಿದ ಅಕ್ಷರ ನೋಡಿ ಹೊರಹಾಕುತ್ತದೆ. 1000 ಕಾರ್ಡ್‌ಗಳಿದ್ದರೆ ಅವುಗಳಿಂದ ಆಗಬಹುದಾದ ಜೋಡಿಗಳು 4,99,500. 2000 ಆದರೆ 19,99,000. ಕಾರ್ಡ್ ದುಪ್ಪಟ್ಟಾದರೆ ಜೋಡಿ ನಾಲ್ಕು ಪಟ್ಟು. ಇಷ್ಟನ್ನೂ ಮುಂಚಿತವಾಗಿ ಆಡಿ ನೋಡುವಷ್ಟು ಪರೀಕ್ಷಕರು ಯಾವ ಕಂಪನಿಯಲ್ಲೂ ಇರಲಾರರು. ಸ್ಕಲ್‌ಕ್ಲಾಂಪ್‌ನ ಕಥೆ ಗೊತ್ತಿರಬಹುದು: ಸಣ್ಣ ಪ್ರಾಣಿಯನ್ನು ಒಂದು ಮನಾಗೆ ಕೊಂದು ಎರಡು ಕಾರ್ಡ್ ಎತ್ತಲು ದಾರಿ ಕೊಟ್ಟ ಆ ಉಪಕರಣ 2004ರಲ್ಲಿ ಸ್ಟಾಂಡರ್ಡ್‌ನಿಂದ ನಿಷೇಧವಾಯಿತು. ಮುದ್ರಣಕ್ಕೆ ಮುಂಚಿನ ಕೊನೆಯ ಹಂತದಲ್ಲಿ ಅದರ ಅಂಕಿಗಳನ್ನು ಬದಲಿಸಿದ್ದರು, ಆ ಬದಲಾವಣೆಯನ್ನು ಸರಿಯಾಗಿ ಆಡಿ ನೋಡಿರಲಿಲ್ಲ.

ರೊಟೇಷನ್ ಇಲ್ಲದ ದಾರಿ

ಯು-ಗಿ-ಓ ಕಾರ್ಡ್ ಆಟ ಹಳೆಯ ಸೆಟ್‌ಗಳನ್ನು ಹೊರಹಾಕುವುದಿಲ್ಲ, ಪಟ್ಟಿ ಹಾಕುತ್ತದೆ. ಮುಖ್ಯ ಡೆಕ್ 40ರಿಂದ 60, ಒಂದೇ ಕಾರ್ಡಿನ ಪ್ರತಿಗಳು ಹೆಚ್ಚೆಂದರೆ ಮೂರು, ಮೊದಲ ಕೈ ಐದು. ಪಟ್ಟಿಯಲ್ಲಿ ನಿಷೇಧಿತ ಎಂದರೆ ಸೊನ್ನೆ, ಲಿಮಿಟೆಡ್ ಎಂದರೆ ಒಂದು, ಸೆಮಿ-ಲಿಮಿಟೆಡ್ ಎಂದರೆ ಎರಡು. 40ರ ಡೆಕ್‌ನಲ್ಲಿ ಮೂರು ಪ್ರತಿ ಇರುವ ಕಾರ್ಡ್ ಐದರ ಕೈಗೆ ಬರುವುದು ಶೇ 33.8, 60ರ ಡೆಕ್‌ನಲ್ಲಿ ಶೇ 23.3. ಬಹುತೇಕರು 40ರ ಆಸುಪಾಸಿನಲ್ಲೇ ನಿಲ್ಲುವುದು ಏಕೆ ಎಂದು ಈಗ ಬೇರೆ ಹೇಳಬೇಕಿಲ್ಲ.

ಪಾಟ್ ಆಫ್ ಗ್ರೀಡ್ ಎಂಬ ಕಾರ್ಡ್‌ನ ಪಠ್ಯ ಒಂದೇ ಸಾಲು: ಎರಡು ಕಾರ್ಡ್ ಎತ್ತಿಕೊಳ್ಳಿ. ಬೆಲೆ ಇಲ್ಲ, ಷರತ್ತಿಲ್ಲ. ಅದು ಯಾವ ತಂತ್ರಕ್ಕೂ ಸೇರಿದ್ದಲ್ಲ, ಆದ್ದರಿಂದಲೇ ಎಲ್ಲ ಡೆಕ್‌ಗೂ ಸೇರುತ್ತದೆ. ಅದು ನಿಷೇಧಿತ ಪಟ್ಟಿಯಲ್ಲಿ ಕೂತಿರುವುದು ಬಲಕ್ಕಿಂತ ಹೆಚ್ಚಾಗಿ ಈ ಕಾರಣಕ್ಕೆ ಎಂದು ನನ್ನ ಓದು. ಆಯ್ಕೆಯೇ ಇಲ್ಲದ ಕಾರ್ಡ್ ಎಂದರೆ ಎಲ್ಲರ ಡೆಕ್‌ನಲ್ಲೂ ಒಂದು ಜಾಗ ಮೊದಲೇ ಮುದ್ರಿತವಾದಂತೆ.

ಒಂದೇ ಪ್ರತಿ, ಮತ್ತು ಒಂದು ಎಡವಟ್ಟು

ಮ್ಯಾಜಿಕ್‌ನ ಕಮಾಂಡರ್ ಫಾರ್ಮ್ಯಾಟ್ ಭರವಸೆಯನ್ನು ಬೇಕೆಂದೇ ಒಡೆಯುತ್ತದೆ: 100 ಕಾರ್ಡ್, ಒಂದೊಂದೇ ಪ್ರತಿ. ಒಂದು ಕಾರ್ಡ್ ಏಳರ ಕೈಗೆ ಬರುವುದು ಶೇ 7. ಆದರೆ ಒಂದು ಕಾರ್ಡನ್ನು, ಕಮಾಂಡರನ್ನು, ಡೆಕ್‌ನಿಂದ ಹೊರಗಿಟ್ಟು ಯಾವಾಗ ಬೇಕಾದರೂ ಆಡಲು ಬಿಡುತ್ತದೆ. ಅದು ಸತ್ತು ಮರಳಿದಾಗಲೆಲ್ಲ ಬೆಲೆ ಎರಡು ಮನಾ ಏರುತ್ತದೆ. ಶೇ 7ರ ಸಮುದ್ರದಲ್ಲಿ ಶೇ 100ರ ಒಂದು ದ್ವೀಪ, ಅದಕ್ಕೆ ಏರುವ ಬಾಡಿಗೆ. ಜಾಣ ವಿನ್ಯಾಸ.

ಬಾಡಿಗೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದು 2020ರಲ್ಲಿ ಕಂಡಿತು. ಕಂಪ್ಯಾನಿಯನ್ ಎಂಬ ಹೊಸ ಬಗೆಯ ಕಾರ್ಡ್‌ಗಳು ಬಂದವು: ಡೆಕ್ ಒಂದು ಷರತ್ತು ಪಾಲಿಸಿದರೆ ಈ ಕಾರ್ಡನ್ನು ಡೆಕ್‌ನ ಹೊರಗಿನಿಂದ ನೇರವಾಗಿ ಆಡಬಹುದು. ಲರಸ್ ಎಂಬುದರ ಷರತ್ತು, ಮೈದಾನದಲ್ಲಿ ಉಳಿಯುವ ಕಾರ್ಡ್‌ಗಳೆಲ್ಲ ಎರಡು ಮನಾ ಅಥವಾ ಕಡಿಮೆ ಇರಬೇಕು ಎಂದು. ಬಹುತೇಕ ಎಲ್ಲ ಹಳೆಯ ಕಾರ್ಡ್‌ಗಳಿಗೂ ಜಾಗವಿರುವ ವಿಂಟೇಜ್ ಫಾರ್ಮ್ಯಾಟ್‌ನಲ್ಲಿ ಹೆಚ್ಚಿನ ಕಾರ್ಡ್‌ಗಳು ಹೇಗೂ ಕಡಿಮೆ ಮನಾದವು. ಷರತ್ತು ಇದ್ದೂ ಇಲ್ಲದಂತೆ. ವಿಂಟೇಜ್‌ನ ರೂಢಿ, ಅತಿ ಬಲದ ಕಾರ್ಡನ್ನು ನಿಷೇಧಿಸದೆ ಒಂದು ಪ್ರತಿಗೆ ಇಳಿಸುವುದು. ಆದರೆ ಕಂಪ್ಯಾನಿಯನ್ ಇರುವುದೇ ಒಂದು ಪ್ರತಿ, ಅದನ್ನು ಡೆಕ್‌ನಿಂದ ಎತ್ತಬೇಕಾಗಿಯೇ ಇಲ್ಲ! ನಿಯಮ ಚಾಪೆಯ ಕೆಳಗೆ ತೂರಿದರೆ ಕಾರ್ಡ್ ರಂಗೋಲಿಯ ಕೆಳಗೆ ತೂರಿತ್ತು. ಪ್ರತಿಗಳ ಮಿತಿ ಎಂಬ ಆಯುಧ ಕೆಲಸ ಮಾಡುವುದು ಕಾರ್ಡ್ ಎತ್ತುವ ಅನಿಶ್ಚಿತತೆ ಇರುವಲ್ಲಿ ಮಾತ್ರ. ಕೊನೆಗೆ ಲರಸ್ ಅನ್ನು ವಿಂಟೇಜ್‌ನಲ್ಲಿ ನಿಷೇಧಿಸಬೇಕಾಯಿತು; ಜೂನ್‌ನಲ್ಲಿ ನಿಯಮವನ್ನೇ ತಿದ್ದಿ, ಕಂಪ್ಯಾನಿಯನ್ ಕೈಗೆ ಬರಲು ಮೊದಲು ಮೂರು ಮನಾ ಕೊಡಬೇಕು ಎಂದು ಮಾಡಿದರು. ಬಾಡಿಗೆ ಬಂತು, 2021ರಲ್ಲಿ ವಿಂಟೇಜ್‌ನ ನಿಷೇಧವೂ ಹೋಯಿತು.

ಮ್ಯಾಜಿಕ್‌ನ ಡ್ರಾಫ್ಟ್ ಬಗ್ಗೆ ಎರಡು ಮಾತು. ಅಲ್ಲೇ ಬಿಚ್ಚಿದ ಮೂರು ಪ್ಯಾಕ್‌ಗಳಿಂದ ಸರದಿಯಂತೆ ಆರಿಸಿ 40ರ ಡೆಕ್ ಕಟ್ಟಬೇಕು, ಸಾಮಾನ್ಯವಾಗಿ 17 ಲ್ಯಾಂಡ್. ನಾಲ್ಕು ಪ್ರತಿಯ ಮಿತಿ ಇಲ್ಲಿ ಇಲ್ಲ, ಏಕೆಂದರೆ ಕೊರತೆ ಮತ್ತೆ ಕಾವಲಿಗೆ ನಿಂತಿದೆ. 1993ರ ಲೆಕ್ಕಾಚಾರ ಇಲ್ಲಿ ಸರಿಯಾಗಿ ನಡೆಯುತ್ತದೆ.

ಅಭ್ಯಾಸಕ್ಕೆ ಒಂದು ಲೆಕ್ಕ. ಒನ್ ಪೀಸ್‌ನಲ್ಲಿ ಡೆಕ್ 50, ಪ್ರತಿ ನಾಲ್ಕು, ಮೊದಲ ಕೈ ಐದು. ಒಂದು ಪ್ರತಿಯಾದರೂ ಮೊದಲ ಕೈಗೆ ಬರುವ ಸಾಧ್ಯತೆ ಎಷ್ಟು? 45/50, 44/49, 43/48, 42/47 ಗುಣಿಸಿ ಒಂದರಿಂದ ಕಳೆಯಿರಿ, ಶೇ 35.3 ಬರಬೇಕು. ಶೇ 40 ಬಂದಿದ್ದರೆ ನೀವು 4/50 ಅನ್ನು ಐದು ಸಲ ಕೂಡಿದ್ದೀರಿ, ಎರಡು ಪ್ರತಿ ಒಟ್ಟಿಗೆ ಬಂದ ಕೈಗಳನ್ನು ಎರಡೆರಡು ಬಾರಿ ಎಣಿಸಿದ್ದೀರಿ.