ಲೆಪಾಂತಿಸ್: ಗುಂಗುರಿನ ಅಳತೆಯ ಆರ್ಕಿಡ್

ಗ್ರೀಕ್ ಭಾಷೆಯಲ್ಲಿ ಲೆಪಿಸ್ ಎಂದರೆ ಮೀನಿನ ಮೈಮೇಲಿರುವಂಥ ಹುರುಪೆ, ಆಂಥೋಸ್ ಎಂದರೆ ಹೂವು. ಸ್ವೀಡನ್ನಿನ ಸಸ್ಯವಿಜ್ಞಾನಿ ಉಲೋಫ್ ಸ್ವಾರ್ಟ್ಸ್ 1799ರಲ್ಲಿ ಈ ಎರಡನ್ನು ಸೇರಿಸಿ ಲೆಪಾಂತಿಸ್ ಎಂಬ ಜಾತಿಯನ್ನು ಸ್ಥಾಪಿಸಿದರು. ಎಲೆಯ ಮೇಲೆ ಅಂಟಿಸಿಟ್ಟಂತೆ ಕುಳಿತ, ಕೆಲವೇ ಮಿಲಿಮೀಟರಿನ ಹೂವನ್ನು ಕಂಡವರಿಗೆ ಈ ಹೆಸರು ಮರೆಯುವುದಿಲ್ಲ. ಪುಸ್ತಕದ ಚಿತ್ರದಲ್ಲಿ ಅದೇ ಹೂವು ಅಂಗೈಯಗಲ ಕಾಣುತ್ತದೆ. ಆದ್ದರಿಂದ ಚಿತ್ರ ನೋಡುವಾಗ ಮೊದಲು ಪಕ್ಕದ ಅಳತೆಗೆರೆಯನ್ನು ನೋಡಿ. ಗಾತ್ರ ತಪ್ಪಿದರೆ ಈ ಜಾತಿಯ ಬಗ್ಗೆ ಮುಂದೆ ಓದುವುದೆಲ್ಲವೂ ತಪ್ಪುತ್ತದೆ.

ಇವು ಮೆಕ್ಸಿಕೊದಿಂದ ಬೊಲಿವಿಯಾದವರೆಗೆ ಮತ್ತು ಕೆರಿಬಿಯನ್ ದ್ವೀಪಗಳಲ್ಲಿ ಬೆಳೆಯುತ್ತವೆ. ಬ್ರೆಜಿಲ್‌ನಲ್ಲಿಯೂ ಕೆಲವು ಇವೆ. 1,000ಕ್ಕೂ ಹೆಚ್ಚು ಪ್ರಭೇದಗಳಿದ್ದು, ಬಹುಪಾಲು ಆಂಡಿಸ್ ಪರ್ವತಗಳ ಮಂಜು ಮುಸುಕಿದ ಕಾಡುಗಳಲ್ಲಿವೆ. ಮರದ ಮೇಲೆ ಬೆಳೆದರೂ ಇವು ಬಂದಳಿಕೆಗಳಲ್ಲ. ಬಂದಳಿಕೆ ಮರದೊಳಗೆ ಬೇರಿಳಿಸಿ ರಸ ಹೀರುತ್ತದೆ. ಲೆಪಾಂತಿಸ್‌ಗೆ ಮರದಿಂದ ಬೇಕಿರುವುದು ನಿಲ್ಲಲು ಜಾಗ ಮಾತ್ರ. ನೀರು ಮಳೆಯಿಂದ, ಮಂಜಿನಿಂದ, ಕೊಂಬೆಯ ಹಾವಸೆಯಿಂದ ಸಿಗುತ್ತದೆ. ಅನೇಕ ಆರ್ಕಿಡ್‌ಗಳಲ್ಲಿರುವ, ನೀರು ಕೂಡಿಡುವ ಉಬ್ಬಿದ ಕಾಂಡ ಇವಕ್ಕಿಲ್ಲ. ಇರುವುದು ತಂತಿಯಂಥ ಕಾಂಡ, ಅದರ ತುದಿಗೆ ಒಂದೇ ಒಂದು ಎಲೆ. ಸದಾ ಒದ್ದೆಯಾಗಿರುವ ಕಾಡನ್ನು ಇವು ಬಿಟ್ಟು ಹೋಗಲಾರದಿರುವುದು ಇದರಿಂದಲೇ. ಈ ಒದ್ದೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಹೂವಿಗೆ ಬರೋಣ. ಆರ್ಕಿಡ್ ಹೂವಿನಲ್ಲಿ ಹೊರಸುತ್ತಿನ ಎಸಳುಗಳಾದ ಮೂರು ಪುಷ್ಪಪತ್ರ, ಒಳಸುತ್ತಿನಲ್ಲಿ ಎರಡು ದಳ ಮತ್ತು ತುಟಿ ಎಂದು ಕರೆಯುವ ಮೂರನೆಯ ದಳ ಇರುತ್ತವೆ. ನಮಗೆ ಪರಿಚಿತವಾದ ದೊಡ್ಡ ಆರ್ಕಿಡ್‌ಗಳಲ್ಲಿ ಎದ್ದು ಕಾಣುವುದು ತುಟಿ. ಲೆಪಾಂತಿಸ್‌ನಲ್ಲಿ ಅಗಲವಾಗಿ ಹರಡಿ ನಿಲ್ಲುವುದು ಪುಷ್ಪಪತ್ರಗಳು. ದಳಗಳು ಉದ್ದಕ್ಕಿಂತ ಅಗಲ ಹೆಚ್ಚಾಗಿ ಅಡ್ಡಲಾಗಿ ಚಾಚಿರುತ್ತವೆ. ತುಟಿಯಂತೂ ಎರಡು ಪುಟ್ಟ ಹಾಲೆಗಳಾಗಿ, ಗಂಡು ಹೆಣ್ಣು ಭಾಗಗಳು ಬೆಸೆದು ಆದ ನಡುವಿನ ಸ್ತಂಭವನ್ನು ಅಪ್ಪಿಕೊಂಡಿರುತ್ತದೆ. ಆ ಹಾಲೆಗಳ ನಡುವೆ ಸಾಮಾನ್ಯವಾಗಿ ರೋಮಗಳಿರುವ ಇನ್ನೂ ಚಿಕ್ಕದೊಂದು ಉಪಾಂಗವಿದೆ. ಬರಿಗಣ್ಣಿಗೆ ಅದು ಚುಕ್ಕೆಯಂತೆಯೂ ಕಾಣಲಾರದು. ಇಷ್ಟು ಸಣ್ಣ ಭಾಗಕ್ಕೆ ಇಷ್ಟು ಕುಸುರಿ ಕೆಲಸ ಏಕೆ?

2005ರಲ್ಲಿ ಮಾರಿಯೊ ಬ್ಲಾಂಕೊ ಮತ್ತು ಗೇಬ್ರಿಯೆಲ್ ಬಾರ್ಬೊಸಾ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿತು. ಅವರು ಕೋಸ್ಟರಿಕಾದಲ್ಲಿ ಲೆಪಾಂತಿಸ್ ಗ್ಲಿಕೆನ್‌ಸ್ಟೈನಿ ಎಂಬ ಪ್ರಭೇದದ ಹೂಗಳನ್ನು ಕಾದು ನೋಡಿದರು. ಬಂದದ್ದು ಬ್ರಾಡಿಸಿಯಾ ಫ್ಲೋರಿಡೆನ್ಸಿಸ್ ಎಂಬ ಗುಂಗುರು, ಅದರಲ್ಲಿಯೂ ಗಂಡು ಮಾತ್ರ. ಗಂಡು ಗುಂಗುರು ಹೂವನ್ನು ಹೆಣ್ಣೆಂದು ಭ್ರಮಿಸಿ, ತುಟಿಯ ಆ ಉಪಾಂಗವನ್ನು ತನ್ನ ಜನನಾಂಗದಿಂದ ಹಿಡಿದು ಕೂಡಲು ಯತ್ನಿಸುತ್ತದೆ. ಆಗ ಪರಾಗಪಿಂಡಗಳು ಅದರ ಹೊಟ್ಟೆಗೆ ಅಂಟುತ್ತವೆ. ಮತ್ತೊಂದು ಹೂವಿನಲ್ಲಿ ಅದೇ ಭ್ರಮೆಗೆ ಒಳಗಾದರೆ ಪರಾಗಸ್ಪರ್ಶವಾಗುತ್ತದೆ. ಇದಕ್ಕೆ ಹುಸಿಸಂಭೋಗ ಎನ್ನುತ್ತಾರೆ. ಗುಂಗುರುಗಳು ಅಂಕುಡೊಂಕಾಗಿ ಹಾರುತ್ತ ಹೂವನ್ನು ಸಮೀಪಿಸುವುದರಿಂದ, ಹೆಣ್ಣಿನ ವಾಸನೆಯನ್ನು ಹೋಲುವ ಪರಿಮಳವೇ ಅವುಗಳನ್ನು ದೂರದಿಂದ ಸೆಳೆಯುತ್ತಿರಬೇಕು ಎಂಬುದು ಅವರ ಊಹೆ.

ಈ ವಿವರ ಓದಿದ ಮೇಲೆ ಹೂವಿನ ಗಾತ್ರ ನನಗೆ ಬೇರೆಯಾಗಿ ಕಂಡಿತು. ಉಪಾಂಗ ಗುಂಗುರಿನ ಹಿಡಿತಕ್ಕೆ ಸಿಗಬೇಕು, ಸ್ತಂಭ ಅದರ ಹೊಟ್ಟೆಗೆ ತಾಗುವಷ್ಟು ದೂರದಲ್ಲಿರಬೇಕು. ಹೂವು ದೊಡ್ಡದಾದರೆ ಈ ಎರಡೂ ಕೆಡುತ್ತವೆ. ಇನ್ನು ಆ ಒದ್ದೆಯ ಮಾತು: ಈ ಗುಂಗುರುಗಳ ಮರಿಹುಳುಗಳು ತೇವದಲ್ಲಿ ಕೊಳೆಯುವ ಎಲೆಗಸ, ಶಿಲೀಂಧ್ರಗಳನ್ನು ತಿಂದು ಬೆಳೆಯುತ್ತವೆ. ನೀರು ಕೂಡಿಡಲಾರದ ಗಿಡವೂ ಅದರ ಪರಾಗವನ್ನು ಹೊರುವ ಕೀಟವೂ ಒಂದೇ ತೇವವನ್ನು ನಂಬಿ ಬದುಕಿವೆ.

ಇಲ್ಲಿ ಮಕರಂದದ ಆಮಿಷವಿಲ್ಲ, ಬಂದವರಿಗೆ ಏನೂ ದಕ್ಕುವುದಿಲ್ಲ. ಅಧ್ಯಯನಕ್ಕೆ ಒಳಗಾದ ಪ್ರಭೇದಗಳಲ್ಲಿ ಕಾಯಿಗಟ್ಟುವ ಹೂಗಳೂ ವಿರಳ. ಗೊಂಚಲಿನಲ್ಲಿ ಹೂಗಳು ಒಟ್ಟಿಗೆ ಅರಳದೆ ಒಂದಾದ ಮೇಲೊಂದರಂತೆ ಅರಳುವುದರಿಂದ ಗಿಡಕ್ಕೆ ಬಹುಕಾಲ ಅವಕಾಶ ತೆರೆದಿರುತ್ತದೆ.

ಪೋರ್ಟೊರಿಕೊದ ಎಲ್ ಯುಂಕೆ ಕಾಡಿನಲ್ಲಿ ಮಾತ್ರ ಬೆಳೆಯುವ ಲೆಪಾಂತಿಸ್ ಎಲ್ಟೊರೊಯೆನ್ಸಿಸ್ ಪ್ರಭೇದವನ್ನು ಅಮೆರಿಕ 1991ರಲ್ಲಿ ಅಳಿವಿನಂಚಿನ ಸಸ್ಯಗಳ ಪಟ್ಟಿಗೆ ಸೇರಿಸಿತ್ತು. 2021ರಲ್ಲಿ, ಚೇತರಿಸಿಕೊಂಡಿದೆ ಎಂದು ಪಟ್ಟಿಯಿಂದ ತೆಗೆಯಿತು.

ಹೂವಿಲ್ಲದ ಗಿಡ ಸಿಕ್ಕರೆ ಕಾಂಡವನ್ನು ಭೂತಗನ್ನಡಿಯಲ್ಲಿ ನೋಡಿ. ಆಲಿಕೆಗಳನ್ನು ಒಂದರೊಳಗೊಂದು ಪೋಣಿಸಿದಂತೆ, ಅಂಚಿನಲ್ಲಿ ರೋಮಗಳಿರುವ ಕವಚಗಳು ಕಾಣುತ್ತವೆ. ಆದರೆ ಅಷ್ಟಕ್ಕೇ ನಿರ್ಧರಿಸಬೇಡಿ, ಹತ್ತಿರದ ಸಂಬಂಧಿ ಲೆಪಾಂತಾಪ್ಸಿಸ್‌ಗೂ ಅಂಥ ಕವಚಗಳಿವೆ. ಹೂ ಬಿಡುವವರೆಗೆ ಕಾಯಿರಿ. ಎರಡು ಸಾಲಿನಲ್ಲಿ ಹಲವು ಹೂಗಳು ಒಮ್ಮೆಗೇ ಅರಳಿ, ತುಟಿ ಸೀಳಿಲ್ಲದೆ ಸರಳವಾಗಿದ್ದರೆ ಅದು ಲೆಪಾಂತಾಪ್ಸಿಸ್.