ಫಾರಂ 10ಸಿಗೆ ಟಿಕ್ ಹಾಕುವ ಮುಂಚೆ

ಕೆಲಸ ಬಿಟ್ಟ ಮೇಲೆ ನಮ್ಮ ಕಡೆ ಜನ ಮೊದಲು ಹೋಗೋದು ಸೈಬರ್ ಸೆಂಟರಿಗೆ. "ಪಿಎಫ್ ಬಿಡಿಸ್ಬೇಕಿತ್ತು" ಅಂತಾರೆ. ಅಲ್ಲಿನ ಹುಡುಗ ಆಧಾರ್ ನಂಬರ್ ಕೇಳುತ್ತಾನೆ, ಒಟಿಪಿ ಕೇಳುತ್ತಾನೆ, ಪಿಎಫ್ ದುಡ್ಡಿಗೆ ಫಾರಂ 19 ಹಾಕುತ್ತಾನೆ. ಅದು ಮುಗಿಯುತ್ತಿದ್ದಂತೆ ಪಿಂಚಣಿ ಭಾಗದ ದುಡ್ಡು ತೆಗೆಯೋ 10ಸಿಯನ್ನೂ ಹಾಕಿಬಿಡುತ್ತಾನೆ. ಅವನ ತಪ್ಪೇನಿಲ್ಲ. ಬಂದವರು ಕೇಳಿದ್ದು ಪೂರ್ತಿ ದುಡ್ಡನ್ನು, ಅವನು ಪೂರ್ತಿ ದುಡ್ಡು ಬರೋ ಹಾಗೆ ಮಾಡಿದ. ಆದರೆ ಆ ಎರಡನೇ ಫಾರಂನಲ್ಲಿ ಹೋಗಿದ್ದು ಏನು ಅಂತ ಇಬ್ಬರಿಗೂ ಗೊತ್ತಿರುವುದಿಲ್ಲ.

ಹಾಸನದಲ್ಲಿ ಕೂತು ಸಂಬಳ, ಪಿಎಫ್, ಇಎಸ್‌ಐ ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ಗಾರ್ಮೆಂಟ್ಸ್‌ನವರು, ಕಾಫಿ ಕ್ಯೂರಿಂಗ್‌ನವರು, ಎಸ್ಟೇಟ್ ರೈಟರ್‌ಗಳು, ಶಾಲೆಯ ಗುಮಾಸ್ತರು ಎಲ್ಲರೂ ಬರುತ್ತಾರೆ. ಅವರು ತರುವ ತೊಂದರೆಗಳಲ್ಲಿ ಸರಿಮಾಡಲು ಆಗದೇ ಇರೋದು ಬಹಳ ಕಮ್ಮಿ. ಹೆಸರಿನ ಸ್ಪೆಲ್ಲಿಂಗ್ ತಿದ್ದಬಹುದು, ಹುಟ್ಟಿದ ದಿನಾಂಕವನ್ನೂ ತಿದ್ದಬಹುದು. 10ಸಿಯಲ್ಲಿ ದುಡ್ಡು ತೆಗೆದರೆ ಪಿಂಚಣಿ ಸರ್ವೀಸ್, ಅಂದರೆ ಪಿಂಚಣಿಗೆ ಎಣಿಸುವ ದುಡಿಮೆಯ ವರ್ಷಗಳು, ಅಳಿಸಿಹೋಗುತ್ತದೆ. ಅದು ಮಾತ್ರ ಹಾಗಲ್ಲ.

ಸಂಬಳದ ಚೀಟಿಯಿಂದಲೇ ನೋಡೋಣ. ಮೂಲ ವೇತನ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 12,000 ರೂಪಾಯಿ ಅಂತಿಟ್ಟುಕೊಳ್ಳಿ. ನಿಮ್ಮ ಸಂಬಳದಿಂದ ಶೇ. 12, ಅಂದರೆ 1,440 ರೂಪಾಯಿ ಹಿಡಿಯುತ್ತಾರೆ. ಕಂಪನಿಯೂ 1,440 ಹಾಕುತ್ತದೆ. ನಿಮ್ಮದು ಪೂರ್ತಿ ಪಿಎಫ್‌ಗೆ ಹೋಗುತ್ತದೆ. ಕಂಪನಿಯದು ಮಾತ್ರ ಇಬ್ಭಾಗ ಆಗುತ್ತದೆ. ಶೇ. 8.33, ಸುಮಾರು 1,000 ರೂಪಾಯಿ ಪಿಂಚಣಿ ನಿಧಿಗೆ, ಉಳಿದ 440 ಪಿಎಫ್‌ಗೆ. ಈ ಪಿಂಚಣಿ ಯೋಜನೆ ಶುರುವಾಗಿದ್ದು 1995ರ ನವೆಂಬರ್‌ನಲ್ಲಿ. ಇದಕ್ಕೆ ಲೆಕ್ಕ ಹಿಡಿಯುವ ಸಂಬಳಕ್ಕೆ 2014ರ ಸೆಪ್ಟೆಂಬರ್‌ನಿಂದ 15,000ದ ಮಿತಿ ಇದೆ. ಆ ಲೆಕ್ಕದಲ್ಲಿ ಪಿಂಚಣಿಗೆ ಹೋಗೋದು ತಿಂಗಳಿಗೆ ಹೆಚ್ಚೆಂದರೆ 1,250.

ಪಿಎಫ್ ದುಡ್ಡು ಬ್ಯಾಂಕಿನ ಠೇವಣಿ ಇದ್ದ ಹಾಗೆ. ಹಾಕಿದ್ದಕ್ಕೆ ಬಡ್ಡಿ ಸೇರುತ್ತದೆ, ಬೆಳೆಯುತ್ತದೆ. ಪಿಂಚಣಿ ಭಾಗಕ್ಕೆ ಬಡ್ಡಿ ಇಲ್ಲ. ಅಲ್ಲಿ ಬೆಳೆಯೋದು ವರ್ಷಗಳು. ಕೊನೆಯ ಅರವತ್ತು ತಿಂಗಳ ಸರಾಸರಿ ಸಂಬಳವನ್ನು ಸರ್ವೀಸಿನ ವರ್ಷಗಳಿಂದ ಗುಣಿಸಿ, 70ರಿಂದ ಭಾಗಿಸಿದರೆ ತಿಂಗಳ ಪಿಂಚಣಿ ಬರುತ್ತದೆ. ಸರ್ವೀಸ್ ಹತ್ತು ವರ್ಷ ತುಂಬಿರಬೇಕು. ಪಿಂಚಣಿ ಶುರುವಾಗೋದು 58ಕ್ಕೆ. 50 ಆದಮೇಲೆ ಬೇಗ ಬೇಕಂದ್ರೆ, 58ಕ್ಕೆ ಎಷ್ಟು ವರ್ಷ ಬಾಕಿಯಿದೆಯೋ ಅಷ್ಟು ಸಲ ಶೇ. 4 ಮುರಿಯುತ್ತಾರೆ.

ಹೋದ ವರ್ಷ ದುದ್ದದ ಕಡೆಯ ಒಬ್ಬ ಹೆಣ್ಣುಮಗಳು ಬಂದಿದ್ದರು. ಗಾರ್ಮೆಂಟ್ಸ್‌ನಲ್ಲಿ ಟೈಲರ್. ವಯಸ್ಸು ನಲವತ್ತೊಂದು. ಮೊದಲು ಒಂದು ಕಡೆ ಏಳು ವರ್ಷ ದುಡಿದು ಬಿಟ್ಟಿದ್ದರು. ಆಮೇಲೆ ಇನ್ನೊಂದು ಕಡೆ ಸೇರಿ ಐದು ವರ್ಷ ಆಗಿತ್ತು. ಕವರಿನಿಂದ ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟು, "ಹನ್ನೆರಡು ವರ್ಷ ಆಯ್ತಲ್ಲ ಸಾರ್, ನಂಗೂ ಪಿಂಚಣಿ ಬತ್ತದಲ್ವಾ?" ಅಂದರು.

ಪ್ರಿಂಟ್ ನೋಡಿದೆ. ಮೊದಲ ಕೆಲಸ ಬಿಟ್ಟಾಗ 19, 10ಸಿ ಎರಡೂ ಹಾಕಿಸಿದ್ದಾರೆ. 10ಸಿಯಲ್ಲಿ ಬಂದಿದ್ದು ಅರವತ್ತು ಸಾವಿರದ ಮೇಲೆ.

"ಈ ದುಡ್ಡು ಏನ್ ಮಾಡಿದ್ರಮ್ಮ?"

"ಮನೆ ಸೋರ್ತಿತ್ತು ಸಾರ್. ಶೀಟ್ ಹಾಕಿಸ್ದೋ."

ಬೇರೆ ದಾರಿ ಇರಲಿಲ್ಲವೇನೋ. ಆದರೆ 19ರಲ್ಲಿ ಬಂದ ಪಿಎಫ್ ದುಡ್ಡಿನಲ್ಲೇ ಶೀಟಿನ ಖರ್ಚು ಕಳೆದು ಇನ್ನೂ ಉಳಿದಿತ್ತು. 10ಸಿಯ ತಂಟೆಗೆ ಹೋಗದಿದ್ದರೆ ಏಳೂ ಐದೂ ಸೇರಿ ಹನ್ನೆರಡು ವರ್ಷ. 12,000ದ ಸರಾಸರಿ ಹಿಡಿದರೂ ತಿಂಗಳಿಗೆ 2,057 ರೂಪಾಯಿ, 58ರಿಂದ ಬದುಕಿರೋವರೆಗೆ. ಅವರ ನಂತರ ಗಂಡನಿಗೆ ಅದರ ಅರ್ಧ. ಈಗ ಅವರ ಹೆಸರಿನಲ್ಲಿ ಇರೋದು ಐದೇ ವರ್ಷ.

2,057 ಏನು ಮಹಾ ದುಡ್ಡು ಅಂತ ಕೆಲವರು ಕೇಳುತ್ತಾರೆ. ಮಹಾ ದುಡ್ಡೇನಲ್ಲ, ನಿಜ. ಆದರೆ ಆ ವಯಸ್ಸಿನಲ್ಲಿ ಬಿಪಿ, ಶುಗರ್ ಮಾತ್ರೆಗೆ ಮಗನ ಮುಂದೆ ಕೈ ಚಾಚದೇ ಇರೋದಕ್ಕೆ ಸಾಕು.

ಹಾಗಾದರೆ ಹತ್ತು ವರ್ಷ ತುಂಬದೆ ಕೆಲಸ ಬಿಟ್ಟವರು ಏನು ಮಾಡಬೇಕು? ಮತ್ತೆ ಎಲ್ಲಾದರೂ ಸೇರುವ ಯೋಚನೆ ಇದ್ದರೆ ಹಳೇ ಖಾತೆಯನ್ನು ಹೊಸದಕ್ಕೆ ವರ್ಗ ಮಾಡಿಸಿ. ಅದಕ್ಕೆ ಫಾರಂ 13 ಇದೆ, ಆನ್‌ಲೈನ್‌ನಲ್ಲೇ ಆಗುತ್ತದೆ. ತೀರಾ ದುಡ್ಡು ಬೇಕೇ ಬೇಕಾದರೆ 19 ಒಂದನ್ನೇ ಹಾಕಿ, 10ಸಿ ಬಿಡಿ. ಅಥವಾ ಅದೇ 10ಸಿಯಲ್ಲಿ ದುಡ್ಡಿನ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳಿ. ನಿಮ್ಮ ವರ್ಷಗಳು ಆ ಕಾಗದದಲ್ಲಿ ಭದ್ರವಾಗಿರುತ್ತವೆ, ಮುಂದೆ ಯಾವ ಕೆಲಸಕ್ಕೆ ಸೇರಿದರೂ ಕೂಡಿಕೊಳ್ಳುತ್ತವೆ.

ವರ್ಗ ಮಾಡಿಸಿದವರು ಒಂದು ವಾರಕ್ಕೆ ಗಾಬರಿಯಾಗಿ ಫೋನ್ ಮಾಡೋದೂ ಉಂಟು. ಹೊಸ ಪಾಸ್‌ಬುಕ್‌ನಲ್ಲಿ ಹಳೇ ಪಿಎಫ್ ಬಂದಿದೆ, ಪಿಂಚಣಿ ಕಾಲಂನಲ್ಲಿ ಮಾತ್ರ ಸೊನ್ನೆ! "ದುಡ್ಡು ಯಾರೋ ಹೊಡ್ಕೊಂಡ್ರು" ಅಂತ ಒಬ್ಬರು ಜಗಳಕ್ಕೇ ಬಂದಿದ್ದರು. ಯಾರೂ ಹೊಡೆದಿಲ್ಲ. ಪಿಂಚಣಿ ಭಾಗದಲ್ಲಿ ವರ್ಗ ಆಗೋದು ಸರ್ವೀಸ್ ಅಷ್ಟೇ, ದುಡ್ಡು ನಿಧಿಯಲ್ಲೇ ಇರುತ್ತದೆ. ಆ ಸೊನ್ನೆ ನೋಡಿ ಹೆದರಬೇಡಿ. ಸರ್ವೀಸ್ ಹಿಸ್ಟರಿಯಲ್ಲಿ ಹಳೇ ಕಂಪನಿಯ ಸೇರಿದ ದಿನ, ಬಿಟ್ಟ ದಿನ ಎರಡೂ ಸರಿಯಾಗಿ ಇವೆಯಾ ಅಂತ ನೋಡಿಕೊಳ್ಳಿ.

ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಸೀಸನ್‌ಗೆ ಮಾತ್ರ ಬರುವ ಹೆಂಗಸರ ಕಥೆ ಬೇರೆ. ವರ್ಷಕ್ಕೆ ನಾಲ್ಕೈದು ತಿಂಗಳು ಕಾಫಿಬೀಜ ಆರಿಸುತ್ತಾರೆ, ಆಮೇಲೆ ಮನೆ, ಹೊಲ. ನಮ್ಮದು ಎಲ್ಲಿ ಹತ್ತು ವರ್ಷ ಆಗುತ್ತೆ ಅಂತ ಸೀಸನ್ ಮುಗಿದ ಕೂಡಲೇ ಎಲ್ಲ ತೆಗೆಸಿಬಿಡುತ್ತಾರೆ. ಪಿಂಚಣಿ ಯೋಜನೆಯಲ್ಲಿ ಇಂಥವರಿಗೇ ಅಂತ ಒಂದು ಸಾಲು ಇದೆ. ಸೀಸನ್ ಕೆಲಸಗಾರರು ವರ್ಷದಲ್ಲಿ ಎಷ್ಟು ಕಮ್ಮಿ ದಿನ ದುಡಿದಿದ್ದರೂ ಅದನ್ನು ಪೂರ್ತಿ ಒಂದು ವರ್ಷ ಅಂತಲೇ ಎಣಿಸಬೇಕು. ಅಂದರೆ ಹತ್ತು ಸೀಸನ್‌ಗೆ ಹತ್ತು ವರ್ಷ. ಇಷ್ಟು ಒಳ್ಳೆಯ ಸಾಲನ್ನು ನಮ್ಮ ಜಿಲ್ಲೆಯಲ್ಲಿ ಇಷ್ಟು ಕಮ್ಮಿ ಜನ ಬಳಸೋದು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಗ್ರಾಚ್ಯುಟಿಗೂ ಇದಕ್ಕೂ ಸಂಬಂಧ ಇಲ್ಲ. ಅದು ಮಾಲೀಕರು ಕೈಯಿಂದ ಕೊಡುವ ದುಡ್ಡು, ನಿಮ್ಮ ಸಂಬಳದಲ್ಲಿ ಹಿಡಿಯೋದಲ್ಲ. ಕಾಯಂ ಕೆಲಸದಲ್ಲಿ ಐದು ವರ್ಷ ತುಂಬಿದವರು ಕೇಳಿ ಪಡೆಯಿರಿ.

ಇನ್ನು ಮಾಲೀಕರ ಕಡೆಯವರಿಗೆ ಒಂದು ಮಾತು. ಫೈನಲ್ ಸೆಟ್ಲ್‌ಮೆಂಟ್ ದಿನ ಚೆಕ್ ಕೊಟ್ಟು ಕಳಿಸಿಬಿಡಬೇಡಿ. ಕೆಲಸ ಬಿಟ್ಟ ದಿನಾಂಕವನ್ನು ಪಿಎಫ್ ಪೋರ್ಟಲ್‌ನಲ್ಲಿ ಅವತ್ತೇ ಹಾಕಿ. ಅದಿಲ್ಲದಿದ್ದರೆ ಅವರಿಗೆ ವರ್ಗವೂ ಆಗೋದಿಲ್ಲ, ಕ್ಲೇಮೂ ತೆರೆಯೋದಿಲ್ಲ. ನೀವು ಹಾಕದೇ ಹೋದರೆ, ಕೊನೆಯ ಕಂತು ಕಟ್ಟಿ ಎರಡು ತಿಂಗಳಾದ ಮೇಲೆ ಕೆಲಸಗಾರರೇ ಹಾಕಿಕೊಳ್ಳಬಹುದು. ಆದರೆ ಟೈಲರ್ ಕೆಲಸದವರಿಗೆ ಇದನ್ನೆಲ್ಲ ಯಾರು ಹೇಳಿಕೊಡುತ್ತಾರೆ? ನನ್ನ ಗಿರಾಕಿ ಕಂಪನಿಯೊಂದರಲ್ಲಿ ಈಗ ಸೆಟ್ಲ್‌ಮೆಂಟ್ ಕವರಿನ ಮೇಲೆ ರಬ್ಬರ್ ಸ್ಟ್ಯಾಂಪ್ ಒತ್ತಿ ಕೊಡುತ್ತಾರೆ: "ನಿಮ್ಮ ಪಿಂಚಣಿ ಸರ್ವೀಸ್ ಇಷ್ಟು ವರ್ಷ, ಇಷ್ಟು ತಿಂಗಳು. 10ಸಿ ಹಾಕುವ ಮುಂಚೆ ಕೇಳಿ." ಸ್ಟ್ಯಾಂಪಿಗೆ ಎಷ್ಟು ಖರ್ಚಾದೀತು ಹೇಳಿ.

ದುದ್ದದ ಆ ಹೆಣ್ಣುಮಗಳಿಗೆ ಹಳೇ ಏಳು ವರ್ಷ ವಾಪಸ್ ಕೊಡಿಸಲು ನನ್ನಿಂದ ಆಗಲಿಲ್ಲ. ಈಗಿನ ಐದನ್ನು ಮುಟ್ಟಬೇಡಿ ಅಂತ ಹೇಳಿದೆ. ಕೊನೆಯ ವರ್ಷದಲ್ಲಿ ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಪೂರ್ತಿ ಒಂದು ವರ್ಷ ಅಂತ ಎಣಿಸುತ್ತಾರೆ, ಹಾಗಾಗಿ ಇನ್ನು ನಾಲ್ಕೂವರೆ ವರ್ಷ ದುಡಿದರೆ ಹತ್ತು ಆಗುತ್ತದೆ ಅಂದೆ. ಅವರು ಬೆರಳು ಮಡಿಚಿ ಎಣಿಸಿದರು. "ಅಷ್ಟೊತ್ಗೆ ಮಗಳ ಡಿಗ್ರಿ ಮುಗ್ದಿರತ್ತೆ" ಅಂದು, ಪ್ರಿಂಟನ್ನು ಮತ್ತೆ ಕವರಿಗೆ ಹಾಕಿಕೊಂಡರು. ಬಾಗಿಲ ಹತ್ತಿರ ಹೋಗಿ ತಿರುಗಿ ನಿಂತು, "ನಮ್ ಲೈನ್‌ನಲ್ಲಿ ಇನ್ನೂ ನಾಕ್ ಜನ ಬಿಡ್ತಾವ್ರೆ ಸಾರ್, ಭಾನುವಾರ ಕರ್ಕೊಂಡು ಬರ್ಲಾ?" ಅಂತ ಕೇಳಿದರು.